ಒಡೆದ ಕ್ಯಾಪ್ ಬಿಸಾಡಬೇಡಿ: ಸೆರಾಮಿಕ್ ಹಲ್ಲಿನ ದೋಷ ಹುಡುಕುವ ಬಗೆ

ಕಳೆದ ತಿಂಗಳು ನಮ್ಮ ಲ್ಯಾಬಿಗೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಬಂತು. ಒಳಗೆ ಹಲ್ಲಿಗೆ ಹಾಕುವ ಒಂದು ಕ್ಯಾಪ್. ಅದರ ಜೊತೆ ಕುಚ್ಚಲಕ್ಕಿ ಕಾಳಿನಷ್ಟು ದೊಡ್ಡ ಬಿಳಿ ಚೂರು. ಚೀಟಿಯಲ್ಲಿ ಬರೆದದ್ದು ಇಷ್ಟೇ: "46, ಚಿಪ್ ಆಗಿದೆ, ಹೊಸತು ಮಾಡಿ." 46 ಅಂದರೆ ಕೆಳಗಿನ ಬಲಬದಿಯ ಮೊದಲ ದೊಡ್ಡ ದವಡೆ ಹಲ್ಲು.

ಚೂರನ್ನು ಎಸೆಯದೆ ಜೋಪಾನ ಮಾಡಿ ತಂದುಕೊಟ್ಟ ಆ ಪೇಷೆಂಟಿಗೆ ನಾನು ಮನಸ್ಸಲ್ಲೇ ಕೈಮುಗಿದೆ. ಭೂತಕನ್ನಡಿ ಹಿಡಿದು ನೋಡಿದೆ. ಒಡೆದ ಜಾಗದಲ್ಲಿ ಕ್ಯಾಪ್ ಒಳಗಿನ ಲೋಹ ಕಾಣುತ್ತಿರಲಿಲ್ಲ, ಅದರ ಮೇಲೆ ಸೆರಾಮಿಕ್ ಇನ್ನೂ ಗಟ್ಟಿಯಾಗಿ ಕೂತಿತ್ತು. ಒಡೆದ ಅಂಚಿನ ಪಕ್ಕದಲ್ಲೇ ಕಡಲೆಬೇಳೆಯ ಅರ್ಧದಷ್ಟು ಅಗಲಕ್ಕೆ ಗ್ಲೇಜ್, ಅಂದರೆ ಮೇಲಿನ ಹೊಳಪಿನ ಪದರ, ಸವೆದು ಮಂಕಾಗಿತ್ತು. ಅಂದರೆ ಮೇಲಿನ ಹಲ್ಲು ದಿನಾ ಅದೇ ಜಾಗಕ್ಕೆ ಬಂದು ಕುಟ್ಟುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, "ಹೊಸ ಅಳತೆ ತೆಗೆಯುವ ಮೊದಲು ಮೇಲಿನ ಹಲ್ಲು ಒಮ್ಮೆ ನೋಡಿ ಸರ್" ಅಂದೆ. ಕೆಳಗಿನ ಹಲ್ಲು ಮುರಿದು ಎರಡು ವರ್ಷ ಹಾಗೇ ಬಿಟ್ಟಿದ್ದರಿಂದ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿದುಬಿಟ್ಟಿತ್ತು. ಅಲ್ಲಿ ಸೆರಾಮಿಕ್‌ಗೆ ಬೇಕಾದಷ್ಟು ಜಾಗವೇ ಇರಲಿಲ್ಲ. ಸುಮ್ನೆ ಹೊಸ ಕ್ಯಾಪ್ ಮಾಡಿ ಕಳಿಸಿದ್ದರೆ ಅದೂ ಅದೇ ಮೂಲೆಯಲ್ಲಿ ಒಡೆಯುತ್ತಿತ್ತು. ಮೇಲಿನ ಹಲ್ಲನ್ನು ಸ್ವಲ್ಪ ಸರಿಮಾಡಿದರು. ನಾವು ಕಚ್ಚುವ ಭಾಗವನ್ನು ಪೂರ್ತಿ ಲೋಹದಲ್ಲಿ ಬಿಟ್ಟು, ಕೆನ್ನೆಯ ಬದಿಗೆ ಮಾತ್ರ ಸೆರಾಮಿಕ್ ಹಾಕಿ ಕೊಟ್ಟೆವು.

ನಾನು ಉಡುಪಿಯಲ್ಲಿ ಹಲ್ಲಿನ ಲ್ಯಾಬ್ ಕೆಲಸ ಮಾಡುವವನು. ಪೇಷೆಂಟ್ ಬಾಯಿ ನೋಡುವುದು ನನ್ನ ಕೆಲಸ ಅಲ್ಲ, ಅದು ಡಾಕ್ಟರದ್ದು. ಆದರೆ ಕೆಟ್ಟ ಕ್ಯಾಪ್‌ಗಳು ತಿರುಗಿ ಬರುವುದು ನನ್ನ ಮೇಜಿಗೆ. ಹೆಚ್ಚಿನವರು "ಕ್ಯಾಪ್ ಸರಿ ಇಲ್ಲ" ಅಂತಷ್ಟೇ ಹೇಳುತ್ತಾರೆ. ಸರಿ ಇಲ್ಲದ್ದು ಯಾವುದು, ಕ್ಯಾಪೋ, ಅಂಟೋ, ಒಳಗಿನ ಹಲ್ಲೋ, ಎದುರಿನ ಹಲ್ಲೋ? ಅದು ಗೊತ್ತಾಗದೆ ಹೊಸತು ಮಾಡಿಸಿದರೆ ದುಡ್ಡೂ ಹೋಗುತ್ತದೆ, ಹಲ್ಲೂ ಹೋಗುತ್ತದೆ.

ಒಳಗೆ ಏನಿದೆ

ನಾವು ಪಿಎಫ್‌ಎಂ, ಅಂದರೆ ಲೋಹಕ್ಕೆ ಬೆಸೆದ ಸೆರಾಮಿಕ್, ಅನ್ನುವ ಈ ಕ್ಯಾಪ್‌ನ ಒಳಗೆ ಲೋಹದ ತೆಳು ಟೋಪಿ ಇರುತ್ತದೆ. ಅದಕ್ಕೆ ಕೋಪಿಂಗ್ ಅಂತ ಹೆಸರು. ದಪ್ಪ 0.3ರಿಂದ 0.5 ಮಿ.ಮೀ. ಅದರ ಮೇಲೆ ಒಪೇಕ್, ಅಂದರೆ ಲೋಹದ ಕಪ್ಪು ಕಾಣದ ಹಾಗೆ ಹಚ್ಚುವ ಸುಣ್ಣದಂಥ ಪದರ. ಅದರ ಮೇಲೆ ಹಲ್ಲಿನ ಬಣ್ಣದ ಸೆರಾಮಿಕ್, ಕೊನೆಗೆ ಹೊಳಪಿನ ಗ್ಲೇಜ್. ಕಚ್ಚುವ ಜಾಗದಲ್ಲಿ ಎಲ್ಲ ಸೇರಿ 1.5ರಿಂದ 2 ಮಿ.ಮೀ. ಜಾಗ ಬೇಕು. ಲೋಹ ನಮ್ಮ ಕಡೆ ಹೆಚ್ಚಾಗಿ ನಿಕ್ಕಲ್-ಕ್ರೋಮಿಯಂ, ಇಲ್ಲವೇ ಕೋಬಾಲ್ಟ್-ಕ್ರೋಮಿಯಂ.

ಸೆರಾಮಿಕ್ ಗಾಜಿನ ಜಾತಿಯದ್ದು. ಅದನ್ನು ಒತ್ತಿ ಹಿಡಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. 900 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಬೆಂದು ತಣ್ಣಗಾಗುವಾಗ ಲೋಹ ಒಂದು ಕೂದಲೆಳೆಯಷ್ಟು ಜಾಸ್ತಿ ಕುಗ್ಗಬೇಕು. ಆಗ ಮೇಲಿನ ಸೆರಾಮಿಕ್ ಬಿಗಿಯಾಗಿ ಒತ್ತಿ ಕೂರುತ್ತದೆ. ಈ ಕುಗ್ಗುವಿಕೆಯ ಜೋಡಿ ಹೊಂದಿಸುವುದೇ ದೊಡ್ಡ ಕಷ್ಟವಾಗಿತ್ತು. 1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೈನ್ ಮತ್ತು ಜೊತೆಯವರು ಇದಕ್ಕೆ ಪೇಟೆಂಟ್ ಪಡೆದರು. ಲ್ಯೂಸೈಟ್ ಎಂಬ ಹರಳು ಸೆರಾಮಿಕ್‌ನಲ್ಲಿ ಇರುವ ಹಾಗೆ ಮಾಡಿದರೆ ಅದು ಲೋಹದ ಜೊತೆಜೊತೆಗೇ ಹಿಗ್ಗಿ ಕುಗ್ಗುತ್ತದೆ ಎನ್ನುವುದು ಅದರ ಸಾರ. ಇವತ್ತಿಗೂ ನಮ್ಮ ಪುಡಿ ಡಬ್ಬಿಗಳ ಹಿಂದೆ ಇರುವುದು ಅದೇ ತತ್ವ. ಹಾಗಾಗಿ ಬೇರೆ ಕಂಪನಿಯ ಲೋಹಕ್ಕೆ ಸಿಕ್ಕಿದ ಪುಡಿ ಹಾಕಿದರೆ ಮೊದಲ ದಿನ ಚಂದ ಕಾಣುತ್ತದೆ, ತಿಂಗಳು ಕಳೆದ ಮೇಲೆ ಸೀಳುತ್ತದೆ.

ಸೆರಾಮಿಕ್ ಒಡೆದಿದ್ದರೆ

ಕೈಯಲ್ಲಿ ಕನ್ನಡಿ ಹಿಡಿದು, ಮೊಬೈಲ್ ಟಾರ್ಚ್ ಹಾಕಿ, ಒಡೆದ ಜಾಗದ ಬಣ್ಣ ನೋಡಿ. ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಇಷ್ಟು ಮಾಹಿತಿ ಕೊಡುವ ನೋಟ ಬೇರೆ ಇಲ್ಲ.

ಒಡೆದ ಜಾಗ ಬಿಳಿಯಾಗಿ ಅಥವಾ ಹಳದಿ ಮಿಶ್ರಿತ ಬಿಳಿಯಾಗಿ ಇದ್ದರೆ, ಸೆರಾಮಿಕ್ ತನ್ನೊಳಗೇ ಒಡೆದಿದೆ. ಲೋಹದ ಹಿಡಿತ ಚೆನ್ನಾಗಿದೆ. ಹಾಗಾದರೆ ಪೆಟ್ಟು ಹೊರಗಿಂದ ಬಂದಿದೆ, ಇಲ್ಲವೇ ಕೆಳಗೆ ಆಧಾರ ಕಡಿಮೆ ಇದೆ. ಬೂದು ಬಣ್ಣದ ಲೋಹ ನುಣ್ಣಗೆ, ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ ಕಂಡರೆ ವಿಷಯ ಬೇರೆ. ಸೆರಾಮಿಕ್ ಸಿಪ್ಪೆಯ ಹಾಗೆ ಎದ್ದುಬಂದಿದೆ ಎಂದರ್ಥ. ಅದು ಹೆಚ್ಚಿನ ಸಲ ನಮ್ಮ ತಪ್ಪು, ಲ್ಯಾಬಿನವರ ತಪ್ಪು.

ಈ ಎರಡನೆಯದು ನನಗೆ ಹೇಗೆ ಚೆನ್ನಾಗಿ ಗೊತ್ತು ಅಂದರೆ, ಒಂದು ಮಳೆಗಾಲದಲ್ಲಿ ನಾವೇ ಅನುಭವಿಸಿದ್ದೇವೆ. ಜುಲೈ ತಿಂಗಳು. ಕರಾವಳಿಯ ಜುಲೈ ಹೇಗೆ ಅಂತ ಹೇಳಬೇಕಾಗಿಲ್ಲ ಅಲ್ವಾ, ಒಣಹಾಕಿದ ಬಟ್ಟೆ ಮೂರು ದಿನ ಕಳೆದರೂ ಹಸಿ. ಫರ್ನೇಸಿನಿಂದ ತೆಗೆದ ಕ್ಯಾಪ್‌ಗಳ ಒಪೇಕ್ ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಬರತೊಡಗಿದವು. ಒಂದೆರಡನ್ನು ಉಜ್ಜಿ ಮತ್ತೆ ಬೇಯಿಸಿ ಕಳಿಸಿದೆವು. ಅವೇ ಕೆಲವು ವಾರಗಳಲ್ಲಿ ಸಿಪ್ಪೆ ಎದ್ದು ತಿರುಗಿ ಬಂದವು.

ಮೊದಲು ಪುಡಿಯ ಮೇಲೆ ಅನುಮಾನ. ಹೊಸ ಡಬ್ಬಿ ತೆರೆದೆವು, ಗುಳ್ಳೆ ಹೋಗಲಿಲ್ಲ. ಆಮೇಲೆ ಫರ್ನೇಸ್. ಬೇಯುವಾಗ ಒಳಗಿನ ಗಾಳಿ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಸರಿ ಇದೆಯಾ ಅಂತ ನೋಡಿದೆವು. ಸರಿ ಇತ್ತು. ಆಮೇಲೆ ಕರೆಂಟು. ಮಧ್ಯದಲ್ಲಿ ಕರೆಂಟ್ ಹೋದರೆ ವ್ಯಾಕ್ಯೂಮ್ ಬಿಟ್ಟುಹೋಗಿ ಸೆರಾಮಿಕ್ ಒಳಗೆ ಗಾಳಿ ಉಳಿಯುತ್ತದೆ, ಹಾಲಿನ ಹಾಗೆ ಮಂಕಾಗುತ್ತದೆ. ಅದಕ್ಕೆ ಯುಪಿಎಸ್ ಹಾಕಿಸಿ ಆಗಿತ್ತು. ಹದಿನೈದು ದಿನ ನಿದ್ದೆ ಇಲ್ಲ.

ಉತ್ತರ ಕಣ್ಣೆದುರೇ ಇತ್ತು. ಗಾಳಿಯ ಒತ್ತಡದಲ್ಲಿ ಪುಡಿ ಚಿಮ್ಮಿಸಿ ಲೋಹವನ್ನು ಶುಚಿ ಮಾಡುವ ಸ್ಯಾಂಡ್‌ಬ್ಲಾಸ್ಟರ್‌ನ ನಳಿಗೆ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಒಳಗಿನ ಅಲ್ಯೂಮಿನಾ ಪುಡಿ ಉಪ್ಪಿನ ಭರಣಿಯಲ್ಲಿ ನೀರು ಬಿದ್ದ ಹಾಗೆ ಗಂಟು ಕಟ್ಟಿತ್ತು. ಮಳೆಗಾಲ ಅಂತ ಸುಮ್ಮನಿದ್ದೆವು. ಒಂದು ಬೆಳಿಗ್ಗೆ ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್‌ನ ಅಡಿಯ ತಿರುಪು ಬಿಚ್ಚಿದರೆ ನಲ್ಲಿ ಬಿಟ್ಟ ಹಾಗೆ ನೀರು! ಬಕೆಟಿನಲ್ಲಿ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು. ಹಸಿ ಗಾಳಿಯನ್ನು ಒತ್ತಿ ತುಂಬಿಸಿದಾಗ ಅದರ ತೇವ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ. ಅದೇ ನೀರು, ಅದೇ ಎಣ್ಣೆ ಹನಿ ಹನಿಯಾಗಿ ನಾವು ಶುಚಿ ಮಾಡಿದೆವು ಅಂದುಕೊಂಡ ಲೋಹದ ಮೇಲೆ ಕೂರುತ್ತಿತ್ತು. ಸೆರಾಮಿಕ್ ಲೋಹವನ್ನು ಹಿಡಿಯುವುದು ಲೋಹದ ಮೇಲಿನ ತೆಳು ಆಕ್ಸೈಡ್ ಪದರದ ಮೂಲಕ. ಅಲ್ಲಿ ಎಣ್ಣೆ ಕೂತರೆ ಹಿಡಿತ ಎಲ್ಲಿಂದ ಬರಬೇಕು?

ಲ್ಯಾಬ್ ನಡೆಸುವ ತಮ್ಮಂದಿರು, ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಪರೀಕ್ಷೆ ಹೇಳುತ್ತೇನೆ. ಗಾಳಿಯ ನಳಿಗೆಯನ್ನು ಒಣ ಕನ್ನಡಿಗೆ ಅರ್ಧ ನಿಮಿಷ ಹಿಡಿಯಿರಿ. ಮಂಜು ಅಥವಾ ಚುಕ್ಕೆ ಕಂಡರೆ ಅವತ್ತು ಒಪೇಕ್ ಹಚ್ಚಬೇಡಿ. ಟ್ಯಾಂಕಿನ ನೀರು ದಿನಾ ಬೆಳಿಗ್ಗೆ ತೆಗೆಯಿರಿ. ತೇವ ಹಿಡಿಯುವ ಫಿಲ್ಟರ್ ಹಾಕಿ. ಬ್ಲಾಸ್ಟ್ ಮಾಡಿದ ಮೇಲೆ ಲೋಹವನ್ನು ಬೆರಳಿನಿಂದ ಮುಟ್ಟಬೇಡಿ, ಚಿಮಟ ಹಿಡಿಯಿರಿ.

ಇನ್ನು ಬಿಳಿಯಾಗಿ ಒಡೆದದ್ದಕ್ಕೆ ಬರೋಣ. ಚೂರು ದಪ್ಪವಾಗಿ, ಮೂಲೆಯೊಂದು ಪೂರ್ತಿ ಕಿತ್ತ ಹಾಗಿದ್ದರೆ ಕೆಳಗೆ ಲೋಹದ ಆಧಾರ ಇರಲಿಲ್ಲ ಎನ್ನುವ ಸಂಶಯ ಬರಬೇಕು. ಸೆರಾಮಿಕ್ ಯಾವ ಕಡೆಯೂ 2 ಮಿ.ಮೀ.ಗಿಂತ ಜಾಸ್ತಿ ದಪ್ಪಕ್ಕೆ ಆಧಾರ ಇಲ್ಲದೆ ನಿಲ್ಲಬಾರದು. ಕೋಪಿಂಗನ್ನು ಸಮ ದಪ್ಪದ ಟೋಪಿಯ ಹಾಗೆ ಮಾಡಿ, ಉಳಿದ ಜಾಗವೆಲ್ಲ ಪುಡಿಯಿಂದ ತುಂಬಿಸುವ ಲ್ಯಾಬ್‌ಗಳಲ್ಲಿ ಈ ತೊಂದರೆ ಜಾಸ್ತಿ. ಕೋಪಿಂಗ್ ಸ್ವತಃ ಸಣ್ಣ ಹಲ್ಲಿನ ಆಕಾರದಲ್ಲಿ ಇರಬೇಕು.

ಚೂರು ತೆಳುವಾಗಿ, ಅಂಚಿನಲ್ಲಿ ಮಾತ್ರ ಹೋಗಿದ್ದರೆ ಏನು ಕಚ್ಚಿದಿರಿ ಅಂತ ನೆನಪಿಸಿಕೊಳ್ಳಿ. ನಮ್ಮ ಊರಿನಲ್ಲಿ ಈ ಪಟ್ಟಿ ದೊಡ್ಡದು. ಗಟ್ಟಿ ಅಡಿಕೆ, ಮರುವಾಯಿ ಸುಕ್ಕದಲ್ಲಿ ಸಿಕ್ಕಿದ ಚಿಪ್ಪಿನ ಚೂರು, ಏಡಿಯ ಕೊಂಬು, ಕುಚ್ಚಲಕ್ಕಿ ಅನ್ನದಲ್ಲಿ ಒಂದು ಕಲ್ಲು, ಸಾರಿಗೆ ನೆನೆಯದ ಕೋರಿರೊಟ್ಟಿಯ ಗಟ್ಟಿ ಅಂಚು. ನಿಮ್ಮ ಸ್ವಂತ ಹಲ್ಲು ಬೇರಿನ ಸುತ್ತಲಿನ ಮೆತ್ತನೆಯ ನಾರಿನಲ್ಲಿ ಕೂತಿದೆ, ಬೇರಿನ ಹತ್ತಿರ ಒತ್ತಡ ತಿಳಿಯುವ ನರಗಳೂ ಇವೆ. ಕಲ್ಲು ಸಿಕ್ಕಿದರೆ ದವಡೆ ತಕ್ಷಣ ನಿಲ್ಲುತ್ತದೆ. ಆದರೂ ಆ ನಿಲ್ಲುವ ಮೊದಲ ಪೆಟ್ಟೇ ಗಾಜಿಗೆ ಸಾಕು.

ಏನೂ ಕಚ್ಚಲಿಲ್ಲ, ಬೆಳಿಗ್ಗೆ ಎದ್ದಾಗ ಒಡೆದಿತ್ತು ಅನ್ನುವವರು ಇದ್ದಾರೆ. ಅವರು ಸುಳ್ಳು ಹೇಳುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇರಬಹುದು. ಬೆಳಿಗ್ಗೆ ಕೆನ್ನೆಯ ಸ್ನಾಯು ನೋಯುತ್ತದಾ, ಕಣತಲೆ ಭಾರ ಅನಿಸುತ್ತದಾ, ಮುಂದಿನ ಹಲ್ಲುಗಳ ತುದಿ ಗೀಟು ಹಾಕಿದ ಹಾಗೆ ಚಪ್ಪಟೆಯಾಗಿದೆಯಾ ನೋಡಿ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಶಬ್ದ ಅವರಿಗೆ ಗೊತ್ತಿರುತ್ತದೆ. ಅಂಥವರಿಗೆ ರಾತ್ರಿ ಹಾಕುವ ನೈಟ್ ಗಾರ್ಡ್ ಇಲ್ಲದೆ ಎಷ್ಟು ಒಳ್ಳೆ ಕ್ಯಾಪ್ ಕೊಟ್ಟರೂ ಉಳಿಯುವುದಿಲ್ಲ.

ಸಣ್ಣ ಚಿಪ್ ಆದರೆ ಡಾಕ್ಟರ್ ಅಂಚು ನುಣ್ಣಗೆ ಮಾಡಿ ಪಾಲಿಶ್ ಮಾಡಿದರೆ ಮುಗಿಯಿತು, ಹೆದರಬೇಡಿ. ಸ್ವಲ್ಪ ದೊಡ್ಡದಾದರೆ ಬಾಯಿಯಲ್ಲೇ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿ ಸರಿಮಾಡಬಹುದು. ಅದಕ್ಕೆ ಸೆರಾಮಿಕ್‌ಗೆ ಹೈಡ್ರೋಫ್ಲೋರಿಕ್ ಆಮ್ಲ ಹಚ್ಚುವುದುಂಟು. ಅದು ಚರ್ಮ, ಒಸಡು ಸುಡುವ ಆಮ್ಲ. ಹಾಗಾಗಿ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿಯೇ ಮಾಡಬೇಕಾದ ಕೆಲಸ. ಲೋಹ ಅಗಲವಾಗಿ ಕಂಡಿದ್ದರೆ ಇಂಥ ರಿಪೇರಿ ತಾತ್ಕಾಲಿಕ ಅಂತಲೇ ತಿಳಿಯಿರಿ. ಸೂಪರ್ ಗ್ಲೂ ಹಾಕಿ ಚೂರು ಅಂಟಿಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಅದು ಒಸಡನ್ನು ಸುಡುತ್ತದೆ, ಚೂರು ಸರಿಯಾಗಿ ಕೂರುವುದೂ ಇಲ್ಲ, ಆಮೇಲೆ ಕಾರಣ ಓದಬೇಕಾದ ಜಾಗವೇ ಅಂಟಿನಡಿ ಮುಚ್ಚಿಹೋಗುತ್ತದೆ. ದಯವಿಟ್ಟು ಬೇಡ.

ಕ್ಯಾಪ್ ಕಳಚಿ ಬಂದರೆ

ಮೊದಲು ಒಂದು ಎಚ್ಚರ. ಮಲಗಿದ್ದಾಗ ಕ್ಯಾಪ್ ಕಾಣೆಯಾಗಿ, ಆಮೇಲೆ ಬಿಡದ ಕೆಮ್ಮು, ಉಸಿರಾಡುವಾಗ ಸೀಟಿ ಊದಿದ ಹಾಗೆ ಶಬ್ದ, ಎದೆಯಲ್ಲಿ ಏನೋ ಸಿಕ್ಕಿದ ಹಾಗೆ ಇದ್ದರೆ ಹಲ್ಲಿನ ಡಾಕ್ಟರನ್ನು ಹುಡುಕಬೇಡಿ. ಸೀದಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದು ಶ್ವಾಸನಾಳಕ್ಕೆ ಇಳಿದಿರಬಹುದು. ಹೊಟ್ಟೆಗೆ ಹೋಗಿದ್ದರೆ ಸಾಮಾನ್ಯವಾಗಿ ಮಲದಲ್ಲಿ ಹೊರಬರುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ.

ಕ್ಯಾಪ್ ಕೈಯಲ್ಲಿದ್ದರೆ ಅದನ್ನು ಬೋಗುಣಿಯ ಮೇಲೆ ಹಿಡಿದು ತೊಳೆಯಿರಿ, ವಾಶ್‌ಬೇಸಿನ್ ಮೇಲೆ ಬೇಡ. ಎಷ್ಟೋ ಕ್ಯಾಪ್‌ಗಳು ಆ ತೂತಿನಲ್ಲಿ ಹೋಗಿವೆ. ಟಿಶ್ಯೂನಲ್ಲಿ ಸುತ್ತಬೇಡಿ, ಮನೆಯವರು ಕಸ ಅಂತ ಎಸೆಯುತ್ತಾರೆ. ಸಣ್ಣ ಡಬ್ಬಿಗೆ ಹಾಕಿ. ಮತ್ತೆ, ಒಳಗಿನ ಹಳೆ ಸಿಮೆಂಟನ್ನು, ಅಂದರೆ ಕ್ಯಾಪ್ ಹಿಡಿದಿದ್ದ ಅಂಟನ್ನು, ಪಿನ್ನಿನಿಂದ ಕೆರೆಯಬೇಡಿ. ಅದೇ ನಮ್ಮ ಸಾಕ್ಷಿ.

ಈಗ ಒಳಗೆ ನೋಡಿ. ಕ್ಯಾಪ್ ಒಳಗೆ ಸ್ವಚ್ಛ, ಸಿಮೆಂಟ್ ಎಲ್ಲ ಹಲ್ಲಿನ ಮೇಲೇ ಉಳಿದಿದೆ ಅಂದರೆ ಸಿಮೆಂಟ್ ಲೋಹವನ್ನು ಹಿಡಿಯಲಿಲ್ಲ. ಒಳಗಿನ ಲೋಹವನ್ನು ಬ್ಲಾಸ್ಟ್ ಮಾಡಿ ಒರಟು ಮಾಡಿರಲಿಲ್ಲ, ಅಥವಾ ಟ್ರಯಲ್ ನೋಡುವಾಗ ತಾಗಿದ ಜೊಲ್ಲು, ರಕ್ತ ತೊಳೆದಿರಲಿಲ್ಲ. ಇದಕ್ಕೆ ತಿರುಗಿ ಅಂಟಿಸಿದರೆ ಸಾಕು, ಹೊಸತು ಬೇಡ. ಸಿಮೆಂಟ್ ಎಲ್ಲ ಕ್ಯಾಪ್ ಒಳಗಿದೆ, ಹಲ್ಲು ಬೋಳು ಅಂದರೆ ಅಂಟಿಸುವಾಗ ಹಲ್ಲು ಒದ್ದೆಯಾಗಿತ್ತು, ಇಲ್ಲವೇ ತಾತ್ಕಾಲಿಕ ಸಿಮೆಂಟಿನ ಎಣ್ಣೆಯಂಶ ಹಲ್ಲಿನ ಮೇಲೆ ಉಳಿದಿತ್ತು. ಇದೂ ಹೆಚ್ಚಿನ ಸಲ ಸರಿಹೋಗುತ್ತದೆ.

ಕ್ಯಾಪ್ ಒಳಗೆ ಕಂದು ಬಣ್ಣದ, ಒದ್ದೆ ಮರದ ಹುಡಿಯಂಥ ಪದಾರ್ಥ ಇದ್ದು ಕೆಟ್ಟ ವಾಸನೆ ಬಂದರೆ ಅದು ಸಿಮೆಂಟ್ ಅಲ್ಲ. ಒಳಗಿನ ಹಲ್ಲು ಹುಳುಕಾಗಿ ಕರಗಿದೆ. ಅಂಟು ಬಿಟ್ಟದ್ದಲ್ಲ, ಅಂಟು ಹಿಡಿದಿದ್ದ ಗೋಡೆಯೇ ಕುಸಿದದ್ದು. ಇದನ್ನು ಮತ್ತೆ ಅಂಟಿಸಿಕೊಳ್ಳುವ ಹಠ ಮಾಡಬೇಡಿ. ಇನ್ನು ಕ್ಯಾಪ್ ಒಳಗೆ ಇಡೀ ಹಲ್ಲಿನ ಮೊಟಕು ತುಂಡೇ ಕೂತು ಬಂದಿದೆ ಅಂದರೆ ಹಲ್ಲು ಮುರಿದಿದೆ. ರೂಟ್ ಕೆನಾಲ್ ಆದ ಹಲ್ಲುಗಳಲ್ಲಿ ಇದು ಜಾಸ್ತಿ. ಒಸಡಿನ ಮೇಲೆ ಸುತ್ತಲೂ ಕನಿಷ್ಠ 1.5ರಿಂದ 2 ಮಿ.ಮೀ. ಗಟ್ಟಿ ಹಲ್ಲು ಉಳಿದಿದ್ದು, ಕ್ಯಾಪ್ ಅದನ್ನು ಪೀಪಾಯಿಯ ಕಬ್ಬಿಣದ ಬಳೆಯ ಹಾಗೆ ಸುತ್ತ ಹಿಡಿದಿರಬೇಕು. ಅಷ್ಟಿಲ್ಲದಿದ್ದರೆ ಒಳಗೆ ಎಂಥ ಕಡ್ಡಿ ಹಾಕಿ ಕಟ್ಟಿದರೂ ಒಂದು ದಿನ ಬುಡದಲ್ಲೇ ಮುರಿಯುತ್ತದೆ.

ಎರಡು ಮೂರು ಸಲ ಅಂಟಿಸಿದರೂ ಬರುತ್ತಿದೆ ಅನ್ನುವವರಿಗೆ: ಸಿಮೆಂಟ್ ಬದಲಿಸುತ್ತ ಕೂರಬೇಡಿ. ಹಲ್ಲಿನ ಆಕಾರ ನೋಡಲು ಹೇಳಿ. ಕ್ಯಾಪ್ ನಿಲ್ಲುವುದು ಮುಖ್ಯವಾಗಿ ಹಲ್ಲಿನ ಎತ್ತರ ಮತ್ತು ನೆಟ್ಟಗಿನ ಗೋಡೆಯಿಂದ. ಗೋಡೆ ಮೇಲೆ ಹೋದ ಹಾಗೆ ಜಾಸ್ತಿ ಚೂಪಾಗಿದ್ದರೆ ಯಾವ ಅಂಟೂ ನಿಲ್ಲದು. ಐಸ್‌ಕ್ರೀಂ ಕೋನಿನ ಮೇಲೆ ಇನ್ನೊಂದು ಕೋನ್ ಇಟ್ಟು ಎತ್ತಿ ನೋಡಿ, ಲೋಟದ ಮೇಲೆ ಲೋಟ ಕವುಚಿ ಎತ್ತಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಎಲೆಯಡಿಕೆ ಜಗಿದು ಹಲ್ಲು ಸವೆದ ಹಿರಿಯರಲ್ಲಿ ಹಲ್ಲಿನ ಎತ್ತರವೇ ಕಡಿಮೆ ಇರುತ್ತದೆ. ಅವರಿಗೆ ಒಸಡನ್ನು ಸ್ವಲ್ಪ ಕೆಳಗಿಳಿಸಿಯೋ, ಹಲ್ಲಿನ ಬದಿಯಲ್ಲಿ ಸಣ್ಣ ತೋಡು ಕೊರೆದೋ ಹಿಡಿತ ಕೊಡಬೇಕಾಗುತ್ತದೆ.

ಡಾಕ್ಟರ್ ಸಿಗುವುದು ಎರಡು ದಿನ ತಡ ಎಂದಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲು ಸೆಟ್ಟಿನ ಅಂಟು ಸ್ವಲ್ಪ ಹಾಕಿ ಕ್ಯಾಪ್ ಕೂರಿಸಿಕೊಳ್ಳಬಹುದು. ಮಲಗುವಾಗ ಮಾತ್ರ ತೆಗೆದಿಡಿ. ವಾರಗಟ್ಟಲೆ ಕ್ಯಾಪ್ ಇಲ್ಲದೆ ಬಿಟ್ಟರೆ ಅಕ್ಕಪಕ್ಕದ ಹಲ್ಲು ಒರಗುತ್ತದೆ, ಆಮೇಲೆ ಅದೇ ಕ್ಯಾಪ್ ಅದೇ ಹಲ್ಲಿಗೆ ಕೂರುವುದಿಲ್ಲ.

ನೋವು ಇದ್ದರೆ

ಇಲ್ಲಿ ಎಲ್ಲವೂ "ಯಾವಾಗ" ಎನ್ನುವುದರ ಮೇಲೆ ನಿಂತಿದೆ.

ಹಾಕಿಸಿದ ಮಾರನೆಯ ದಿನವೇ ಕಚ್ಚಿದರೆ ನೋವು, ಆ ಹಲ್ಲು ಉಳಿದದ್ದಕ್ಕಿಂತ ಮೊದಲು ತಾಗುತ್ತದೆ ಅಂದರೆ ಕ್ಯಾಪ್ ಎತ್ತರ ಆಗಿದೆ. ಮರಗಟ್ಟುವ ಇಂಜೆಕ್ಷನ್ ಇರುವಾಗ ಕಚ್ಚಿ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ, ಇಂಜೆಕ್ಷನ್ ಇಳಿದ ಮೇಲೆ ಗೊತ್ತಾಗುತ್ತದೆ. "ಅಭ್ಯಾಸ ಆಗುತ್ತದೆ" ಅಂತ ಕಾಯಬೇಡಿ. ಹೋಗಿ, ತಾಗುವ ಜಾಗಕ್ಕೆ ಗುರುತು ಬೀಳಿಸುವ ನೀಲಿ ಕಾಗದ ಕಚ್ಚಿಸಿ ನೋಡಿಸಿ. ಹತ್ತು ನಿಮಿಷದ ಕೆಲಸ. ಆದರೆ ಉಜ್ಜಿದ ಮೇಲೆ ನಾಲಿಗೆಯಿಂದ ಸವರಿ ನೋಡಿ. ಒರಟು ಅನಿಸಿದರೆ "ಪಾಲಿಶ್ ಮಾಡಿ" ಅಂತ ಕೇಳಿ, ಸಂಕೋಚ ಬೇಡ. ಗ್ಲೇಜ್ ಹೋದ ಸೆರಾಮಿಕ್ ಎದುರಿನ ಹಲ್ಲಿಗೆ ಅರದ ಹಾಗೆ. ಎರಡು ಮೂರು ವರ್ಷದಲ್ಲಿ ಎದುರಿನ ಒಳ್ಳೆ ಹಲ್ಲು ಸವೆದುಹೋದದ್ದನ್ನು ನಾನು ಅಚ್ಚುಗಳಲ್ಲಿ ಕಂಡಿದ್ದೇನೆ, ಬೇಜಾರಾಗುತ್ತದೆ.

ಗಡ್‌ಬಡ್ ಐಸ್‌ಕ್ರೀಂ ತಿಂದಾಗ ಜುಂ ಅನ್ನುತ್ತದೆ ಎನ್ನುವುದು ಮಂಗಳೂರು, ಉಡುಪಿ ಕಡೆಯ ಸಾಮಾನ್ಯ ದೂರು. ಒಳಗಿನ ಹಲ್ಲಿಗೆ ಜೀವ ಇದ್ದರೆ, ಕೆಲವು ಕ್ಷಣ ಜುಂ ಅಂದು ನಿಂತರೆ, ದಿನದಿಂದ ದಿನಕ್ಕೆ ಕಡಿಮೆಯಾದರೆ ಒಂದೆರಡು ವಾರ ಕಾಯಬಹುದು. ಬಿಸಿ ಕಾಫಿಗೆ ನೋವು ಎದ್ದು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆ ಕೆಡಿಸುವ ಮಿಡಿತ ಇದ್ದರೆ ನರ ಕೆಡುತ್ತಿದೆ. ಕಾಯುವುದು ತಪ್ಪು. ರೂಟ್ ಕೆನಾಲ್ ಆದ ಹಲ್ಲಿಗೆ ತಣ್ಣಗಿನದು ತಿಳಿಯುವುದೇ ಇಲ್ಲ, ಅಲ್ಲಿ ನರ ಇಲ್ಲ. ಅಲ್ಲಿ ಜುಂ ಅಂದರೆ ಪಕ್ಕದ ಹಲ್ಲನ್ನು ನೋಡಿಸಿ. ಪಾಪ, ತಪ್ಪೇ ಮಾಡದ ಕ್ಯಾಪ್ ಎಷ್ಟೋ ಸಲ ಸುಮ್ನೆ ಕತ್ತರಿಸಿಕೊಳ್ಳುತ್ತದೆ.

ಕಚ್ಚುವಾಗ ಅಲ್ಲ, ಕಚ್ಚಿ ಬಿಡುವಾಗ ಚುಚ್ಚಿದ ಹಾಗೆ ನೋವು ಬಂದರೆ ಹಲ್ಲಿನಲ್ಲಿ ಬಿರುಕು ಇರುವ ಸಾಧ್ಯತೆ ಇದೆ. ಈ ಒಂದು ವಿವರ ಡಾಕ್ಟರಿಗೆ ಹೇಳಲು ಮರೆಯಬೇಡಿ. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಬಂದು ಹೋಗುತ್ತಿದ್ದರೆ ಬೇರಿನ ಸೋಂಕು, ನೋವು ಇಲ್ಲದಿದ್ದರೂ ತೋರಿಸಿ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೆ ಪೂರ್ತಿ ನೆಮ್ಮದಿ ಬೇಡ. ಲೋಹದ ಒಳಗೆ ಎಕ್ಸ್‌ರೇ ತೂರುವುದಿಲ್ಲ. ಕ್ಯಾಪ್ ಅಡಿಯ ಹುಳುಕು ಕಾಣುವುದು ಅಕ್ಕಪಕ್ಕದ ಹಲ್ಲುಗಳ ಕಡೆಯ ಎರಡು ಅಂಚುಗಳಲ್ಲಿ ಮಾತ್ರ. ಕೆನ್ನೆಯ ಬದಿಗೆ, ನಾಲಿಗೆಯ ಬದಿಗೆ ಇರುವುದು ಮುಚ್ಚಿಹೋಗುತ್ತದೆ.

ವಾಸನೆ, ಒಸಡಿನ ರಕ್ತ, ಸಿಕ್ಕಿಹಾಕಿಕೊಳ್ಳುವ ಊಟ

ಇದಕ್ಕೆ ಮನೆಯಲ್ಲೇ ಮಾಡುವ ಪರೀಕ್ಷೆ ಫ್ಲಾಸ್ ದಾರ. ಕ್ಯಾಪ್ ಮತ್ತು ಪಕ್ಕದ ಹಲ್ಲಿನ ನಡುವೆ ದಾರ ಇಳಿಸಿ. ಟಕ್ ಅಂತ ಸಣ್ಣ ಬಿಗಿತದಿಂದ ಇಳಿಯಬೇಕು. ಏನೂ ತಡೆಯಿಲ್ಲದೆ ಇಳಿದರೆ ಸಂದು ಇದೆ, ಮೀನಿನ ನಾರು, ಬಸಳೆ ದಂಟು ಅಲ್ಲೇ ಸಿಕ್ಕುತ್ತದೆ. ಅದನ್ನು ಕಡ್ಡಿ ಹಾಕಿ ಸರಿಮಾಡಲು ಆಗುವುದಿಲ್ಲ, ಕ್ಯಾಪನ್ನೇ ಸರಿಮಾಡಬೇಕು. ಅಂಟಿಸುವ ಮೊದಲೇ ಗೊತ್ತಾದರೆ ನಾವು ಲ್ಯಾಬಿನಲ್ಲಿ ಸೆರಾಮಿಕ್ ಸೇರಿಸಿ ಮತ್ತೆ ಬೇಯಿಸಿ ಕೊಡಬಹುದು. ಅಂಟಿಸಿದ ಮೇಲೆ ಆಗುವುದಿಲ್ಲ. ಹಾಗಾಗಿ ಟ್ರಯಲ್ ದಿನವೇ ದಾರ ಹಾಕಿ ನೋಡಲು ಕೇಳಿ.

ದಾರ ಒಸಡಿನ ಹತ್ತಿರ ಸಿಕ್ಕಿ ಎಳೆ ಎಳೆ ಬಿಚ್ಚಿಕೊಂಡರೆ ಅಂಚು ಸರಿಯಾಗಿ ಕೂತಿಲ್ಲ, ಅಥವಾ ಅಲ್ಲಿ ಸಿಮೆಂಟ್ ಚೂರು ಉಳಿದಿದೆ, ಅಥವಾ ಹುಳುಕು ಶುರುವಾಗಿದೆ. ದಾರ ಮೂಸಿ ನೋಡಿ. ಪ್ರತಿ ಸಲ ಅದೇ ಜಾಗದಿಂದ ಕೊಳೆತ ವಾಸನೆ ಬಂದರೆ ತಡ ಮಾಡಬೇಡಿ. ಹೊಸ ಕ್ಯಾಪ್ ಸುತ್ತ ಮಾತ್ರ ಒಸಡು ಕೆಂಪಾಗಿ ಊದಿದ್ದರೆ ಉಳಿದ ಸಿಮೆಂಟೇ ಮೊದಲ ಆರೋಪಿ. ಅದನ್ನು ತೆಗೆದ ಕೆಲವೇ ದಿನದಲ್ಲಿ ಒಸಡು ತಿಳಿಗುಲಾಬಿಗೆ ತಿರುಗುತ್ತದೆ. ಕ್ಯಾಪ್ ಬುಡದಲ್ಲಿ ಹೊಟ್ಟೆ ಬಿಟ್ಟ ಹಾಗೆ ದಪ್ಪ ಇದ್ದರೆ ಕೊಳೆ ನಿಂತು ಒಸಡು ಸದಾ ಊದಿರುತ್ತದೆ. ಅದು ಹೊಸತೇ ಆಗಬೇಕು.

ಒಸಡು ಶುಚಿಯಾಗಿದ್ದೂ ತುರಿಕೆ, ಕೆಂಪು, ಉರಿ ಹೋಗುತ್ತಿಲ್ಲ ಅಂದರೆ ಒಂದು ಪ್ರಶ್ನೆ: ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ತುರಿಸುತ್ತದಾ? ಹೌದಾದರೆ ನಿಕ್ಕಲ್ ಆಗದೇ ಇರಬಹುದು. ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡಿ ಹೇಳುತ್ತಾರೆ. ಆಗ ನಿಕ್ಕಲ್ ಇಲ್ಲದ ಲೋಹ ಅಥವಾ ಝಿರ್ಕೋನಿಯಾ ಎಂಬ ಲೋಹವಿಲ್ಲದ ಗಟ್ಟಿ ಸೆರಾಮಿಕ್ ಇದೆ. ಲೋಹದ ಮಾತು ಬಂದಾಗ ನನ್ನದೊಂದು ಕೇಳಿಕೆ. ಬೆರಿಲಿಯಂ ಎಂಬ ವಿಷದ ಧಾತು ಬೆರೆಯದ ಲೋಹವೇ ಬೇಕು ಅಂತ ಹೇಳಿ. ಎರಕ ಹೊಯ್ಯುವಾಗಿನ ಹೊಗೆಯಲ್ಲಿ, ಉಜ್ಜುವಾಗಿನ ಧೂಳಿನಲ್ಲಿ ಅದು ಹೋಗುವುದು ಲ್ಯಾಬಿನಲ್ಲಿ ಕೂತ ಹುಡುಗರ ಶ್ವಾಸಕೋಶಕ್ಕೆ.

ಕಪ್ಪು ಗೆರೆ ಮತ್ತು ಬಣ್ಣ

ಒಸಡಿನ ಅಂಚಿನಲ್ಲಿ ಬೂದು ಗೆರೆ ವರ್ಷಗಳ ಮೇಲೆ ಕಂಡರೆ ಒಸಡು ಸ್ವಲ್ಪ ಇಳಿದು ಲೋಹದ ಅಂಚು ಹೊರಬಂದಿದೆ. ಅದು ರೋಗವಲ್ಲ. ಹಿಂದಿನ ಹಲ್ಲಾದರೆ ಬಿಟ್ಟುಬಿಡಿ. ಆದರೆ ಹಲ್ಲಿನ ಮೇಲೆಯೇ ಮೆತ್ತನೆ ಕಪ್ಪು ಇದ್ದರೆ ಹುಳುಕು, ಅದು ಬೇರೆ. ಮೊದಲ ದಿನವೇ ಗೆರೆ ಕಂಡರೆ, ಮುಂದಿನ ಹಲ್ಲಾದರೆ, ಅಂಟಿಸುವ ಮೊದಲೇ ತಿರುಗಿ ಕಳಿಸಿ. ಅಂಚಿನಲ್ಲಿ ಲೋಹ ಹಿಂದೆ ಸರಿಸಿ ಪೂರ್ತಿ ಸೆರಾಮಿಕ್ ಹಾಕುವ ವಿಧಾನ ಇದೆ. ಬಣ್ಣವನ್ನು ಟ್ಯೂಬ್‌ಲೈಟ್ ಅಡಿಯಲ್ಲಿ ಆರಿಸಬೇಡಿ, ಕಿಟಕಿಯ ಹತ್ತಿರ ಹಗಲಿನಲ್ಲಿ ನೋಡಿ, ಲಿಪ್‌ಸ್ಟಿಕ್ ಒರೆಸಿ.

ಡಾಕ್ಟರ್ ಹತ್ತಿರ ಹೋಗುವಾಗ

ಕ್ಯಾಪ್, ಚೂರು, ಹಳೆ ಎಕ್ಸ್‌ರೇ, ಕ್ಯಾಪ್ ಹಾಕಿಸಿದ ವರ್ಷ ಬರೆದ ಚೀಟಿ. ಲ್ಯಾಬ್ ಕೊಟ್ಟ ವಾರಂಟಿ ಕಾರ್ಡ್ ಇದ್ದರೆ ಅದರಲ್ಲಿ ಲೋಹದ ಹೆಸರು ಇರಬಹುದು. ನೋವು ಯಾವಾಗ, ಏನು ತಿಂದಾಗ, ಎಷ್ಟು ಹೊತ್ತು, ಇಷ್ಟನ್ನು ಮನೆಯಲ್ಲೇ ಬರೆದುಕೊಳ್ಳಿ. ಕುರ್ಚಿಯಲ್ಲಿ ಕೂತ ಮೇಲೆ ಎಲ್ಲ ಮರೆತುಹೋಗುತ್ತದೆ.

ಎರಡು ಕಡೆ ಎರಡು ಮಾತು ಹೇಳಿದರೆ, ನಮ್ಮ ಜಿಲ್ಲೆಗಳವರಿಗೆ ಒಂದು ಅನುಕೂಲ ಇದೆ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜು ಇದೆ. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ, ದೇರಳಕಟ್ಟೆಯಲ್ಲಿ ಕಾಲೇಜುಗಳಿವೆ. ಅಲ್ಲಿ ಪ್ರೋಸ್ಥೊಡಾಂಟಿಕ್ಸ್ ವಿಭಾಗ ಅಂತ ಕೇಳಿ. ಕ್ಯಾಪ್, ಬ್ರಿಡ್ಜ್, ಹಲ್ಲು ಸೆಟ್ಟು ಅವರದೇ ವಿಷಯ. ಸಮಯ ಜಾಸ್ತಿ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಕ್ಯಾಪನ್ನು ಕತ್ತರಿಸಿಯೇ ತೆಗೆಯಬೇಕು ಅಂತ ಆದರೆ ಅಂಜಬೇಡಿ, ಬಿಗಿಯಾಗಿ ಅಂಟಿದ್ದನ್ನು ಎಳೆದರೆ ಒಳಗಿನ ಹಲ್ಲೇ ಮುರಿಯಬಹುದು, ಅದಕ್ಕೆ ಕತ್ತರಿಸುವುದು. ತುಂಡುಗಳನ್ನು ಮಾತ್ರ ಕೇಳಿ ಪಡೆದು, ಹೊಸ ಅಳತೆಯ ಜೊತೆ ಅದೇ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸಲು ಹೇಳಿ. ಚೀಟಿಯಲ್ಲಿ "ಹೊಸತು ಮಾಡಿ" ಎನ್ನುವುದರ ಜೊತೆ "ಇಂಥ ದಿನ, ಇದನ್ನು ಕಚ್ಚಿದಾಗ, ಈ ಮೂಲೆ" ಅಂತ ಒಂದು ಸಾಲು ಇದ್ದರೆ ನಾವು ಆ ಮೂಲೆಯಿಂದಲೇ ಕೆಲಸ ಶುರುಮಾಡುತ್ತೇವೆ.